ಕೊಲ್ಲಮೊಗ್ರಿಗೆ ಸಿನಿಮಾ ಬರುವ ದಾರಿ

ಹಾಸ್ಟೆಲಿನಲ್ಲಿ "ಇಂಡಿಪೆಂಡೆಂಟ್ ಸಿನಿಮಾ" ಅಂದರೆ ಸಾಕು, ಎರಡು ಥರದ ಮುಖಗಳು ಕಾಣುತ್ತವೆ. ಒಂದು, "ಓ, ಕೊರಿಯನ್ನಾ? ಸಬ್‌ಟೈಟಲ್ ಉಂಟಾ?" ಅನ್ನುವ ಮುಖ. ಇನ್ನೊಂದು, "ಬೇಡ ಮಾರಾಯ, ಎರಡು ಗಂಟೆ ಒಬ್ಬ ಅಜ್ಜ ನಡೀತಾನೇ ಇರ್ತಾನೆ" ಅನ್ನುವ ಮುಖ. ಎರಡನೆಯವರು ಹೇಳುವುದು ಪೂರ್ತಿ ಸುಳ್ಳಲ್ಲ. ಅಜ್ಜಂದಿರು ನಡೆಯುವ ಸಿನಿಮಾಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದು ನಮ್ಮ ಊರಿನ ಕಡೆಯದ್ದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಊರು ಕೊಲ್ಲಮೊಗ್ರು. ಸುಬ್ರಹ್ಮಣ್ಯಕ್ಕೆ ಬಂದವರು ಹೆಚ್ಚಿನವರು ದೇವಸ್ಥಾನ ನೋಡಿ ವಾಪಸ್ ಹೋಗ್ತಾರೆ, ಸ್ವಲ್ಪ ಧೈರ್ಯ ಇದ್ದವರು ಕುಮಾರ ಪರ್ವತ ಹತ್ತುತ್ತಾರೆ. ಹರಿಹರ ಪಳ್ಳತ್ತಡ್ಕದ ಕಡೆ ತಿರುಗುವವರು ಕಡಿಮೆ. ತಿರುಗಿದರೆ ನಮ್ಮೂರು ಸಿಗುತ್ತದೆ: ಘಟ್ಟದ ಬುಡ, ಅಡಿಕೆ ತೋಟ, ರಬ್ಬರ್, ಮಳೆಗಾಲದಲ್ಲಿ ಉಂಬುಳ. ಇಂಥದ್ದೇ ಕಾಡಂಚಿನಲ್ಲಿ ನಡೆಯುವ ಕಥೆ ಶಿವರಾಮ ಕಾರಂತರ 'ಬೆಟ್ಟದ ಜೀವ'. ಕಾದಂಬರಿ ಬಂದದ್ದು 1943ರಲ್ಲಿ. ಸುಬ್ರಹ್ಮಣ್ಯದ ಕಡೆಯಿಂದ ಹೊರಟ ಒಬ್ಬ ದಾರಿ ತಪ್ಪುತ್ತಾನೆ. ಕಾಡಿನ ನಡುವೆ ತೋಟ ಮಾಡಿಕೊಂಡಿರುವ ಗೋಪಾಲಯ್ಯ, ಶಂಕರಮ್ಮ ಎಂಬ ಮುದಿ ದಂಪತಿಯ ಮನೆಯಲ್ಲಿ ಉಳಿಯುತ್ತಾನೆ. ಮನೆ ಬಿಟ್ಟು ಹೋದ ಮಗ ಬರುತ್ತಾನೋ ಇಲ್ಲವೋ ಎಂಬ ಕಾಯುವಿಕೆ ಆ ಮನೆಯ ಒಳಗೆ. ಕಾಡಿನ ಜತೆ ದಿನವೂ ನಡೆಯುವ ಜಗಳ, ರಾಜಿ ಹೊರಗೆ. ಅಷ್ಟೇ ಕಥೆ.

ಇದನ್ನು ಪಿ. ಶೇಷಾದ್ರಿ ಸಿನಿಮಾ ಮಾಡಿದರು. 2010ರ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆ ಕುರಿತ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿ ಬಂತು. ಗೋಪಾಲಯ್ಯನ ಪಾತ್ರ ಮಾಡಿದವರು ದತ್ತಣ್ಣ, ಅಂದರೆ ಎಚ್.ಜಿ. ದತ್ತಾತ್ರೇಯ. (ನಮ್ಮವರಿಗೆ ಖುಷಿ ಆಗುವ ವಿಷಯ: ದತ್ತಣ್ಣ ಎಂಜಿನಿಯರ್. ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿ, ಆಮೇಲೆ ಎಚ್‌ಎಎಲ್‌ನಲ್ಲಿ ದುಡಿದು, ನಂತರ ಪೂರ್ತಿ ನಟನೆಗೆ ಇಳಿದವರು. ಪ್ಲೇಸ್‌ಮೆಂಟ್ ಸೆಲ್‌ನವರು ಈ ಕೆರಿಯರ್ ಪಾಥ್ ಬಗ್ಗೆ ಯಾವತ್ತೂ ಹೇಳಿಲ್ಲ ನೋಡಿ.)

ಈಗ ವಿಷಯಕ್ಕೆ ಬರುತ್ತೇನೆ. ಈ ಸಿನಿಮಾ ನಮ್ಮ ಬೆಟ್ಟದ್ದು, ನಮ್ಮ ತೋಟದ್ದು, ನಮ್ಮಲ್ಲಿ ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುವಂಥ ಗೋಪಾಲಯ್ಯನದ್ದು. ಆದರೆ ನಮ್ಮ ವಠಾರದಲ್ಲಿ ಕೇಳಿದರೆ ಕಾದಂಬರಿ ಓದಿದವರು ಸಿಗುತ್ತಾರೆ, ಸಿನಿಮಾ ನೋಡಿದವರು ಸಿಗುವುದೇ ಕಷ್ಟ. ಕೆಜಿಎಫ್ ನೋಡದವರು ಯಾರೂ ಇಲ್ಲ. ಹೀಗೆ ಯಾಕಾಗುತ್ತದೆ? ಸಿನಿಮಾ ಚೆನ್ನಾಗಿಲ್ಲ, ಜನಕ್ಕೆ ರುಚಿ ಇಲ್ಲ ಅಂತ ಹೇಳಿಬಿಡುವುದು ಸುಲಭ. ನನಗೆ ಅದು ಸೋಮಾರಿ ಉತ್ತರ ಅನ್ನಿಸುತ್ತದೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಇದು ಕಂಟೆಂಟ್‌ನ ಸಮಸ್ಯೆ ಅಲ್ಲ, ಲಾಸ್ಟ್ ಮೈಲ್ ಕನೆಕ್ಟಿವಿಟಿಯ ಸಮಸ್ಯೆ.

ಕೊನೆಯ ಮಾತು ಯಾರದ್ದು?

ಮೊದಲು ಆ ಶಬ್ದವನ್ನೇ ಸರಿಯಾಗಿ ನೋಡೋಣ. ಸ್ವತಂತ್ರ ಸಿನಿಮಾ ಅಂದರೆ ಯಾವುದರಿಂದ ಸ್ವತಂತ್ರ? ಬಜೆಟ್ ಕಡಿಮೆ ಇದ್ದ ಮಾತ್ರಕ್ಕೆ ಅಲ್ಲ. ಹಳ್ಳಿಯ ಕಥೆ, ಊರ ಭಾಷೆ ಇದ್ದ ಮಾತ್ರಕ್ಕೂ ಅಲ್ಲ. 'ಕಾಂತಾರ'ದಲ್ಲಿ ನಮ್ಮ ಕರಾವಳಿಯ ಭೂತಾರಾಧನೆ ಇದೆ, ನಮ್ಮ ಕನ್ನಡ ಇದೆ. ಆದರೂ ಅದು ಕೆಜಿಎಫ್ ಮಾಡಿದ ಹೊಂಬಾಳೆಯಂಥ ದೊಡ್ಡ ಸಂಸ್ಥೆಯ ಚಿತ್ರ. ಅದು ಬೈಗುಳ ಅಲ್ಲ, ವರ್ಗೀಕರಣ ಮಾತ್ರ. ಹಾಡು ಬೇಕಾ ಬೇಡವಾ, ಹೀರೋ ಯಾರು, ಕೊನೆ ಹೇಗಿರಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವ ಅಧಿಕಾರ ದುಡ್ಡು ಹಾಕಿದವರ ಕೈಯಲ್ಲಿ ಇದೆಯಾ, ಸಿನಿಮಾ ಮಾಡುವವರ ಕೈಯಲ್ಲಿ ಇದೆಯಾ? ಎರಡನೆಯದಾದರೆ ಅದು ಸ್ವತಂತ್ರ.

ಇದಕ್ಕೆ ಪುಸ್ತಕಗಳಲ್ಲೆಲ್ಲ ಕೊಡುವ ಉದಾಹರಣೆ ಇಟಲಿಯದು. 1948ರ 'ಬೈಸಿಕಲ್ ಥೀವ್ಸ್' ಮಾಡಲು ವಿಟೋರಿಯೋ ಡಿ ಸಿಕಾ ದುಡ್ಡು ಹುಡುಕುತ್ತಿದ್ದಾಗ ಹಾಲಿವುಡ್ಡಿನ ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ಕೊಡುತ್ತೇನೆ ಅಂದ. ಒಂದೇ ಷರತ್ತು: ನಾಯಕ ಕ್ಯಾರಿ ಗ್ರಾಂಟ್ ಆಗಿರಬೇಕು. ಡಿ ಸಿಕಾ ಒಪ್ಪಲಿಲ್ಲ. ಸೈಕಲ್ ಕಳಕೊಂಡ ಬಡವನ ಪಾತ್ರಕ್ಕೆ ಲಾಂಬೆರ್ಟೋ ಮಜ್ಜೊರಾನಿ ಎಂಬ ಕಾರ್ಖಾನೆ ಕಾರ್ಮಿಕನನ್ನು ಹಾಕಿಕೊಂಡ. ಕ್ಯಾರಿ ಗ್ರಾಂಟ್ ಸೈಕಲ್ ಕಳಕೊಂಡಿದ್ದರೆ ನಮಗೆ ಎಂತ ಅನ್ನಿಸುತ್ತಿತ್ತು? ಪಾಪ, ಇನ್ನೊಂದು ತಗೊಳ್ತಾನೆ ಬಿಡಿ ಅಂತ ಅನ್ನಿಸುತ್ತಿತ್ತು. ಆ ಒಂದು 'ಇಲ್ಲ'ದಿಂದಲೇ ಸಿನಿಮಾ ಉಳಿಯಿತು. ಎರಡು ವರ್ಷ ಬಿಟ್ಟು ಲಂಡನ್ನಿನಲ್ಲಿ ಅದನ್ನು ನೋಡಿದ ಸತ್ಯಜಿತ್ ರೇ 'ಪಥೇರ್ ಪಾಂಚಾಲಿ' ಮಾಡುವ ನಿರ್ಧಾರ ಗಟ್ಟಿ ಮಾಡಿಕೊಂಡರು.

ಆದರೆ ಈ ಗೆರೆ ಅಷ್ಟು ನೇರವಾಗಿಲ್ಲ, ಹೇಳಿಬಿಡಬೇಕು. 'ಪಥೇರ್ ಪಾಂಚಾಲಿ'ಗೆ ರೇ ವಿಮೆ ಪಾಲಿಸಿ ಅಡವಿಟ್ಟರು, ಹೆಂಡತಿಯ ಒಡವೆಯೂ ಹೋಯಿತು, ಆದರೂ ಕೊನೆಗೆ ಮುಗಿಸಿದ್ದು ಪಶ್ಚಿಮ ಬಂಗಾಳ ಸರ್ಕಾರದ ದುಡ್ಡಿನಲ್ಲಿ. ಇರಾನಿನ ಅಬ್ಬಾಸ್ ಕಿಯರೊಸ್ತಮಿ 1987ರಲ್ಲಿ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್?' ಮಾಡಿದ್ದು ಮಕ್ಕಳ ಬೆಳವಣಿಗೆಗಾಗಿ ಇದ್ದ ಒಂದು ಸರ್ಕಾರಿ ಸಂಸ್ಥೆಯ ಒಳಗಿದ್ದುಕೊಂಡು. ಆ ಚಿತ್ರದಲ್ಲಿ ಒಬ್ಬ ಹುಡುಗ ಅಚಾನಕ್ಕಾಗಿ ಸ್ನೇಹಿತನ ನೋಟ್‌ಬುಕ್ ಮನೆಗೆ ತಂದುಬಿಡುತ್ತಾನೆ. ವಾಪಸ್ ಕೊಡದಿದ್ದರೆ ನಾಳೆ ಮೇಷ್ಟ್ರು ಸ್ನೇಹಿತನನ್ನು ಶಾಲೆಯಿಂದ ಹೊರಗೆ ಹಾಕ್ತಾರೆ. ಸ್ನೇಹಿತನ ಊರು ಗುಡ್ಡದ ಆಚೆ, ಮನೆ ಎಲ್ಲಿ ಅಂತ ಗೊತ್ತಿಲ್ಲ. ಇಷ್ಟಕ್ಕೇ ನಿಮ್ಮ ಎದೆ ಹೊಡಕೊಳ್ಳುವ ಹಾಗೆ ಮಾಡುತ್ತಾನೆ ಕಿಯರೊಸ್ತಮಿ. ಗುಡ್ಡ ಹತ್ತಿಳಿದು ಶಾಲೆಗೆ ಹೋದ ನಮ್ಮ ಕಡೆಯವರಿಗೆ ಈ ಸಿನಿಮಾಕ್ಕೆ ಸಬ್‌ಟೈಟಲ್ಲೂ ಬೇಡ.

ಪುತ್ತೂರಿನ ಪ್ರಯೋಗ

ಇದೆಲ್ಲ ಹೊರದೇಶದ್ದು, ನಮಗೆ ಆಮೇಲೆ ಬಂತು ಅಂದುಕೊಂಡಿದ್ದರೆ ಪುತ್ತೂರಿನ ಪರ್ಲಡ್ಕದಲ್ಲಿರುವ ಬಾಲವನಕ್ಕೆ ಹೋಗಿ ಬನ್ನಿ. ಕಾರಂತರು ದಶಕಗಳ ಕಾಲ ಬದುಕಿದ ಜಾಗ. ಕಾದಂಬರಿ, ಯಕ್ಷಗಾನ, ವಿಜ್ಞಾನ ವಿಶ್ವಕೋಶ ಎಲ್ಲ ನಮಗೆ ಗೊತ್ತು. ಅವರು ಮೂಕಿ ಸಿನಿಮಾವನ್ನೂ ಮಾಡಿದ್ದರು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. 'ಡೊಮಿಂಗೊ', 'ಭೂತರಾಜ್ಯ' ಎಂಬ ಎರಡು ಚಿತ್ರಗಳು, 1930-31ರ ಹೊತ್ತಿಗೆ. ಲೆಕ್ಕ ಹಾಕಿ: ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಕನ್ನಡ ಸಿನಿಮಾಕ್ಕೆ ಮಾತು ಬರುವ ಮೊದಲೇ, ಸ್ಟುಡಿಯೋ ಇಲ್ಲದ, ಕಲಿಸುವವರು ಇಲ್ಲದ ನಮ್ಮ ಜಿಲ್ಲೆಯಿಂದ ಒಬ್ಬರು ಕ್ಯಾಮೆರಾ ಹಿಡಕೊಂಡು ಹೊರಟಿದ್ದರು. ಸಾಹಸ ಅಂದರೆ ಇದು. ಆ ಚಿತ್ರಗಳು ಈಗ ನಮಗೆ ನೋಡಲು ಸಿಗುವುದಿಲ್ಲ. ಭಾರತದ ಮೂಕಿ ಚಿತ್ರಗಳಲ್ಲಿ ಬಹುಪಾಲು ನಾಶವಾಗಿ ಹೋಗಿವೆ.

ಕಾರಂತರು ಅಲ್ಲಿಗೇ ಬಿಡಲಿಲ್ಲ. ತಮ್ಮ 'ಕುಡಿಯರ ಕೂಸು' ಕಾದಂಬರಿಯನ್ನು 'ಮಲೆಯ ಮಕ್ಕಳು' ಎಂಬ ಹೆಸರಿನಲ್ಲಿ 1978ರಲ್ಲಿ ತಾವೇ ನಿರ್ದೇಶಿಸಿದರು. ಆಗ ಅವರಿಗೆ ಎಪ್ಪತ್ತೈದರ ಆಸುಪಾಸು. ಕುಡಿಯರು ಅಂದರೆ ನಮ್ಮ ಘಟ್ಟದ ಕಾಡಿನವರು. ಎಪ್ಪತ್ತೈದರ ಅಜ್ಜ ಮಲೆಯ ಜನರ ಕಥೆಯನ್ನು ಸಿನಿಮಾ ಮಾಡಲು ಹೊರಡುವುದನ್ನು ಊಹಿಸಿಕೊಳ್ಳಿ. ನಮಗೆ ಮಿನಿ ಪ್ರಾಜೆಕ್ಟ್‌ಗೆ ಹೊರಗೆ ಹೋಗಿ ಎರಡು ರೀಡಿಂಗ್ ತಗೊಂಡು ಬರುವುದಕ್ಕೇ ಬೇಜಾರು.

ಅದಕ್ಕೂ ಮೂರು ವರ್ಷ ಮೊದಲು, 1975ರಲ್ಲಿ, ಬಿ.ವಿ. ಕಾರಂತರು 'ಚೋಮನ ದುಡಿ' ಮಾಡಿದ್ದರು. ಆ ವರ್ಷದ ಅತ್ಯುತ್ತಮ ಚಿತ್ರ ಎಂದು ಸ್ವರ್ಣಕಮಲ ಬಂತು, ಚೋಮನಾಗಿದ್ದ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ. 1970ರ 'ಸಂಸ್ಕಾರ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ': ಎಂಟು ವರ್ಷದೊಳಗೆ ಮೂರು ಕನ್ನಡ ಚಿತ್ರಗಳಿಗೆ ದೇಶದ ಅತ್ಯುನ್ನತ ಪ್ರಶಸ್ತಿ. ಇವುಗಳಲ್ಲಿ 'ಸಂಸ್ಕಾರ'ವನ್ನು ಮದ್ರಾಸಿನ ಸೆನ್ಸಾರಿನವರು ಮೊದಲು ನಿಷೇಧಿಸಿದ್ದರು, ಆಮೇಲೆ ನಿಷೇಧ ತೆಗೆದರು. ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಮುಖ್ಯ ಪಾತ್ರದಲ್ಲಿ ಗಿರೀಶ ಕಾರ್ನಾಡ್, ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದ ಟಾಮ್ ಕೋವನ್. ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದರು. ಅಲ್ಲಿ ಆರೋಗ್ಯ ಕೆಟ್ಟು, ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. 'ಘಟಶ್ರಾದ್ಧ'ದ ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದವರು. ಅದು ಅವರ ಮೊದಲ ಚಿತ್ರ.

ದುಡ್ಡು ಎಲ್ಲಿಂದ?

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವ ಪ್ರಶ್ನೆ ಇದು. ಹಿಂದೆ ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್ ಇತ್ತು, 1960ರಲ್ಲಿ ಶುರುವಾದದ್ದು. ಮುಂದೆ ಅದೇ ಎನ್‌ಎಫ್‌ಡಿಸಿ ಆಯಿತು. ರಾಜ್ಯ ಸರ್ಕಾರದ ಸಬ್ಸಿಡಿ ಈಗಲೂ ಉಂಟು, ಆದರೆ ಅದು ಸಿನಿಮಾ ಮುಗಿದ ಮೇಲೆ ಬರುವ ದುಡ್ಡು. ಮಾಡುವಾಗ ಕೈಯಿಂದಲೇ ಹಾಕಬೇಕು. ಹೊರದೇಶದ ಕೆಲವು ಚಿತ್ರೋತ್ಸವಗಳಲ್ಲಿ ನಿಧಿಗಳಿವೆ. ರಾಟರ್‌ಡ್ಯಾಮ್ ಉತ್ಸವದ ಹ್ಯೂಬರ್ಟ್ ಬಾಲ್ಸ್ ಫಂಡ್ 1988ರಿಂದ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಚಿತ್ರಗಳಿಗೆ ಸಹಾಯ ಮಾಡುತ್ತಾ ಬಂದಿದೆ.

ಕನ್ನಡದಲ್ಲಿ ನಡೆದ ಒಂದು ಪ್ರಯೋಗ ಮಾತ್ರ ನಮ್ಮ ತಲೆಮಾರಿಗೆ ತುಂಬಾ ಹತ್ತಿರದ್ದು. ಪವನ್ ಕುಮಾರ್ ತಮ್ಮ 'ಲೂಸಿಯಾ' ಕಥೆ ಹಿಡಕೊಂಡು ನಿರ್ಮಾಪಕರ ಬಾಗಿಲು ತಟ್ಟಿ, ಕೆಲಸ ಆಗದೆ ಬ್ಲಾಗಿನಲ್ಲಿ ಬರೆದರು. ನೋಡುವವರೇ ದುಡ್ಡು ಹಾಕಿ ಅಂದರು. 27 ದಿನದಲ್ಲಿ 110 ಜನ ಸೇರಿ ಸುಮಾರು 51 ಲಕ್ಷ ರೂಪಾಯಿ ಹಾಕಿದರು. 2013ರಲ್ಲಿ ಸಿನಿಮಾ ಬಂತು, ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ತಲೆಗೆ ಸರಾಸರಿ ಐವತ್ತು ಸಾವಿರದ ಹತ್ತಿರ ಬೀಳುತ್ತದೆ; ನಮ್ಮ ಒಂದು ಟೆಕ್ ಫೆಸ್ಟಿನ ಸ್ಪಾನ್ಸರ್‌ಶಿಪ್ ಅಷ್ಟಿರಬಹುದು. ಈ ಮಾದರಿ ಎಲ್ಲರಿಗೂ ನಡೆಯುವುದಿಲ್ಲ ಅನ್ನುವುದೂ ನಿಜ. 'ಲೂಸಿಯಾ'ಕ್ಕೆ ಇಂಟರ್ನೆಟ್ಟಿನಲ್ಲಿ ಕೂತ ಬೆಂಗಳೂರಿನ ಪ್ರೇಕ್ಷಕ ಇದ್ದ. ಅಡಿಕೆ ತೋಟದ ಅಜ್ಜನ ಕಥೆಗೆ ಹಾಗೆ ದುಡ್ಡು ಹಾಕುವವರನ್ನು ಹುಡುಕುವುದು ಕಷ್ಟ.

ಇನ್ನೊಂದು ದಾರಿ ವಿಚಿತ್ರ, ಆದರೆ ಒಳ್ಳೆಯದು: ದೊಡ್ಡ ಸಿನಿಮಾದವರು ಸಣ್ಣ ಸಿನಿಮಾಕ್ಕೆ ದುಡ್ಡು ಹಾಕುವುದು. ನಟೇಶ್ ಹೆಗ್ಡೆ ಅವರ 'ಪೆಡ್ರೊ', ಜೈಶಂಕರ್ ಆರ್ಯರ್ ಅವರ 'ಶಿವಮ್ಮ ಯರೇಹಂಚಿನಾಳ' ಎರಡನ್ನೂ ನಿರ್ಮಿಸಿದ್ದು ರಿಷಬ್ ಶೆಟ್ಟಿ. ದುಡ್ಡು ಕೊಟ್ಟವರು ಸುಮ್ಮನಿದ್ದರೆ ಸ್ವಾತಂತ್ರ್ಯ ಉಳಿಯುತ್ತದೆ. 'ಪೆಡ್ರೊ' 2021ರಲ್ಲಿ ಬೂಸಾನ್ ಉತ್ಸವಕ್ಕೆ ಹೋಯಿತು. ಮರುವರ್ಷ 'ಶಿವಮ್ಮ' ಅಲ್ಲೇ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು.

ಇಲ್ಲದ್ದರಿಂದ ಹುಟ್ಟಿದ ತಂತ್ರ

ನನಗೆ ಈ ಸಿನಿಮಾಗಳ ಬಗ್ಗೆ ಅತಿ ಹೆಚ್ಚು ಕುತೂಹಲ ಹುಟ್ಟಿಸುವ ವಿಷಯ ಇದು. ದುಡ್ಡು, ಸಲಕರಣೆ ಇಲ್ಲದಿದ್ದಾಗ ಜನ ಹೊಸ ಉಪಾಯ ಕಂಡುಹಿಡಿಯುತ್ತಾರೆ, ಆ ಉಪಾಯವೇ ಆಮೇಲೆ ಶೈಲಿ ಆಗುತ್ತದೆ. ಎಂಜಿನಿಯರಿಂಗ್‌ನಲ್ಲಿ ನಾವು ಇದನ್ನು ಕನ್‌ಸ್ಟ್ರೇಂಟ್ ಅಂತೇವೆ.

ರೇ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ 'ಪಥೇರ್ ಪಾಂಚಾಲಿ'ಗೆ ಮೊದಲು ಸಿನಿಮಾ ಕ್ಯಾಮೆರಾ ಮುಟ್ಟಿದವರೇ ಅಲ್ಲ, ವಯಸ್ಸು ಇಪ್ಪತ್ತರ ಆಚೆ ಈಚೆ. ಮುಂದಿನ ಚಿತ್ರ 'ಅಪರಾಜಿತೊ'ಗೆ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಬೇಕಾಯಿತು. ನಿಜವಾದ ಅಂಗಳಕ್ಕೆ ಆಕಾಶದಿಂದ ಬೆಳಕು ಬೀಳುತ್ತದೆ, ನೆರಳಿಗೆ ಗಡಸು ಅಂಚು ಇರುವುದಿಲ್ಲ. ಸ್ಟುಡಿಯೋ ಲೈಟು ಹಾಕಿದರೆ ಒಬ್ಬ ಮನುಷ್ಯನಿಗೆ ನಾಲ್ಕು ನೆರಳು. ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿ, ಲೈಟುಗಳನ್ನು ನಟರ ಮೇಲೆ ಬಿಡದೆ ಬಟ್ಟೆಗೆ ಹೊಡೆದು, ಅಲ್ಲಿಂದ ಚದುರಿ ಬೀಳುವ ಬೆಳಕಿನಲ್ಲಿ ಚಿತ್ರೀಕರಿಸಿದರು. ಪಿಯುಸಿ ಫಿಸಿಕ್ಸ್ ನೆನಪು ಮಾಡಿಕೊಳ್ಳಿ: ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ. ಈಗ ಬೌನ್ಸ್ ಲೈಟಿಂಗ್ ಅಂತ ಎಲ್ಲ ಕಡೆ ಮಾಡುವುದು ಇದನ್ನೇ. ಜುಲೈ ತಿಂಗಳಲ್ಲಿ ನಮ್ಮ ಕೊಲ್ಲಮೊಗ್ರಿನ ಆಕಾಶ ಅಂಥದ್ದೇ ಒಂದು ಬಿಳಿ ಬಟ್ಟೆ, ಬಾಡಿಗೆ ಇಲ್ಲದೆ ಸಿಗುತ್ತದೆ. ಕ್ಯಾಮೆರಾಕ್ಕೆ ಕೊಡೆ ಹಿಡಿಯುವವರು ಬೇಕು, ಅಷ್ಟೇ.

ನಟರ ವಿಷಯವೂ ಹಾಗೇ. 'ತಿಥಿ' ನೋಡಿದ್ದೀರಲ್ಲ? ರಾಮ್ ರೆಡ್ಡಿ ನಿರ್ದೇಶನ, ಕಥೆಯಲ್ಲಿ ಈರೇಗೌಡರ ಪಾಲು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮ, ಅಲ್ಲಿಯ ಊರವರೇ ನಟರು. ನೂರಾ ಒಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿ ಬರುವುದರೊಳಗೆ ಮಗ, ಮೊಮ್ಮಗ, ಮರಿಮೊಮ್ಮಗ ಮೂವರೂ ತಮ್ಮ ತಮ್ಮ ವ್ಯವಹಾರದಲ್ಲಿ ಮುಳುಗಿರುತ್ತಾರೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಪಡೆಯಿತು. ಗಡ್ಡಪ್ಪ ಆ ರೀತಿ ನಡೆಯುವುದನ್ನು ಯಾವ ಆ್ಯಕ್ಟಿಂಗ್ ಸ್ಕೂಲಿನಲ್ಲೂ ಕಲಿಸಲಾಗುವುದಿಲ್ಲ. 'ಶಿವಮ್ಮ'ದಲ್ಲಿ ಮುಖ್ಯ ಪಾತ್ರ ಮಾಡಿದ ಶರಣಮ್ಮ ಚೆಟ್ಟಿಯವರೂ ಹಾಗೆಯೇ ಊರಿನವರು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು ನೆಟ್‌ವರ್ಕ್ ಮಾರ್ಕೆಟಿಂಗಿಗೆ ಬಿದ್ದು, ಶಕ್ತಿ ಕೊಡುತ್ತದಂತೆ ಎನ್ನುವ ಪುಡಿಯನ್ನು ಊರಿಡೀ ಮಾರಲು ಹೊರಡುವ ಕಥೆ. ನಮ್ಮಲ್ಲಿ ಯಾರ ಮನೆಗೂ ಇಂಥ ಅತ್ತೆಯೋ ಚಿಕ್ಕಮ್ಮನೋ ಬಂದಿಲ್ಲ ಅನ್ನಿ ನೋಡೋಣ.

ಧ್ವನಿ ಬೇರೆಯೇ ತಲೆನೋವು. ದೊಡ್ಡ ಸಿನಿಮಾಗಳಲ್ಲಿ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡಬಹುದು. ಊರವರನ್ನೇ ನಟರನ್ನಾಗಿ ಹಾಕಿಕೊಂಡರೆ ಅದು ಆಗುವುದಿಲ್ಲ. ಸ್ಟುಡಿಯೋದ ಮೈಕಿನ ಎದುರು ನಿಂತ ಕೂಡಲೇ ಅವರ ಮಾತಿನ ಜೀವ ಹೋಗುತ್ತದೆ. ಹಾಗಾಗಿ ಜಾಗದಲ್ಲೇ ಧ್ವನಿ ಹಿಡಿಯಬೇಕು. ನಮ್ಮ ಘಟ್ಟದ ಕಡೆ ಸಂಜೆ ಹೊತ್ತು ಜೀರುಂಡೆ ಶುರುವಾದರೆ ಸಿಗ್ನಲ್ ಟು ನಾಯ್ಸ್ ರೇಶಿಯೊ ಎಂತ ಅಂತ ಇ.ಸಿ.ಯವರು ಬಂದು ಅಳೆದು ಹೇಳಬೇಕು.

ಕ್ಯಾಮೆರಾ ಮಾತ್ರ ಈಗ ನೆಪ ಅಲ್ಲ. ಶಾನ್ ಬೇಕರ್ 2015ರ 'ಟ್ಯಾಂಜರೀನ್' ಅನ್ನು ಐಫೋನ್ 5ಎಸ್‌ನಲ್ಲಿ ತೆಗೆದರು. ಅದೇ ಮನುಷ್ಯ ಹತ್ತು ವರ್ಷದ ಮೇಲೆ 'ಅನೋರಾ'ಕ್ಕೆ ಆಸ್ಕರ್ ತಗೊಂಡರು. ಇರಾನಿನಲ್ಲಿ ಜಾಫರ್ ಪನಾಹಿಗೆ ಸಿನಿಮಾ ಮಾಡಬಾರದು ಎಂದು ಕೋರ್ಟು ಹೇಳಿದಾಗ, ಮನೆಯೊಳಗೇ ಕೂತು ಮಾಡಿದ ಚಿತ್ರದ ಹೆಸರು 'ದಿಸ್ ಈಸ್ ನಾಟ್ ಎ ಫಿಲ್ಮ್'. 2011ರಲ್ಲಿ ಅದು ಯುಎಸ್‌ಬಿ ಡ್ರೈವಿನಲ್ಲಿ, ಕೇಕಿನೊಳಗೆ ಅಡಗಿ ಕಾನ್ ಉತ್ಸವಕ್ಕೆ ಹೋಯಿತು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಎಂಬಿಬಿಎಸ್ ಓದಿ ಪುಣೆಗೆ ಹೋದವರು. ಕೋಳಿ ಕದ್ದ ಮುದುಕಿಯಿಂದಾಗಿ ಊರಿಗೆ ಬೆಳಗೇ ಆಗದ ನಮ್ಮ ಜನಪದ ಕಥೆಯನ್ನು 16 ನಿಮಿಷದ ಕನ್ನಡ ಚಿತ್ರ ಮಾಡಿದರು. 2024ರಲ್ಲಿ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂತು.

ಕೊನೆಯ ಹತ್ತು ಕಿಲೋಮೀಟರ್

ಸರಿ, ಸಿನಿಮಾ ಆಯಿತು. ಈಗ ಅದು ಜನರ ಹತ್ತಿರ ಹೋಗುವುದು ಹೇಗೆ? ಇಲ್ಲೇ ಎಲ್ಲ ಸಿಕ್ಕಿಹಾಕಿಕೊಳ್ಳುವುದು.

ಥಿಯೇಟರಿಗೆ ಹೋಗುವ ಸಿನಿಮಾವನ್ನು ಡಿಸಿಪಿ ಎಂಬ ಪ್ಯಾಕೇಜ್ ಮಾಡುತ್ತಾರೆ. ನಾವು ಟೆಲಿಗ್ರಾಮಿನಲ್ಲಿ ನೋಡುವ ಫೈಲಿನ ಹಾಗಲ್ಲ. ಒಂದೊಂದು ಫ್ರೇಮೂ ಬೇರೆ ಬೇರೆ ಜೆಪೆಗ್ 2000 ಚಿತ್ರ, ಸೆಕೆಂಡಿಗೆ 24 ಫ್ರೇಮು, ಗರಿಷ್ಠ 250 ಮೆಗಾಬಿಟ್. ಎರಡು ಗಂಟೆಯ ಸಿನಿಮಾ ಅಂದರೆ 7200 ಸೆಕೆಂಡು, ಗುಣಿಸಿ ಎಂಟರಿಂದ ಭಾಗಿಸಿ: ಪೂರ್ತಿ ಮಿತಿ ಬಳಸಿದರೆ 225 ಗಿಗಾಬೈಟ್. ಅದಕ್ಕೆ ಬೀಗ, ಆ ಬೀಗಕ್ಕೆ ಇಂಥ ಥಿಯೇಟರಿನಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ತೆರೆಯುವ ಡಿಜಿಟಲ್ ಕೀಲಿ. ಇದಕ್ಕೆಲ್ಲ ಖರ್ಚು ಇದೆ, ಪ್ರಚಾರಕ್ಕೆ ಅದಕ್ಕಿಂತ ಹೆಚ್ಚು. ಸಣ್ಣ ಸಿನಿಮಾಕ್ಕೆ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಬೆಳಗ್ಗೆ ಒಂದು ಶೋ ಸಿಗುತ್ತದೆ. ಶುಕ್ರವಾರ ಜನ ಬರಲಿಲ್ಲ ಅಂದರೆ ಸೋಮವಾರ ಅದೂ ಇಲ್ಲ. ಕಾಲೇಜು, ಕೆಲಸ ಇರುವವರು ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಎಲ್ಲಿಂದ ಬರ್ತಾರೆ ಸ್ವಾಮಿ? ಮಂಗಳೂರಿಗೆ ಬರುವುದು ಅದೃಷ್ಟ. ಕೊಲ್ಲಮೊಗ್ರಿನವರು ಬಸ್ಸು ಹತ್ತಿ ಅಲ್ಲಿಗೆ ಹೋಗಿ ನೋಡಿ ಅದೇ ದಿನ ವಾಪಸಾಗುವುದು ಬಸ್ಸಿನ ಟೈಮಿನ ಮೇಲೆ ನಿಂತ ವಿಷಯ.

ಹಾಗಾದರೆ ಒಟಿಟಿ? ಕೆಲವು ಬರುತ್ತವೆ, ಸ್ವಲ್ಪ ಸಮಯ ಇರುತ್ತವೆ, ಒಪ್ಪಂದ ಮುಗಿದ ಮೇಲೆ ಹೋಗುತ್ತವೆ. ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಹಳೆಯವುಗಳ ಪಾಡು ಇನ್ನೂ ಕಷ್ಟ. ಮೊದಲಿನ ಫಿಲ್ಮು ಸೆಲ್ಯುಲೋಸ್ ನೈಟ್ರೇಟ್. ಬೆಂಕಿ ಹಿಡಿದರೆ ಆರಿಸಲು ಆಗದು. ಆಮೇಲೆ ಬಂದ ಅಸಿಟೇಟ್ ಫಿಲ್ಮು ಸೆಕೆ ಮತ್ತು ತೇವದಲ್ಲಿ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಡಬ್ಬ ತೆರೆದರೆ ವಿನೆಗರ್ ವಾಸನೆ. ಆ ಆಮ್ಲವೇ ಮುಂದಿನ ಕ್ರಿಯೆಯನ್ನು ಜೋರು ಮಾಡುತ್ತದೆ, ಹಾಗಾಗಿ ಒಮ್ಮೆ ಶುರುವಾದರೆ ನಿಲ್ಲಿಸಲಾಗುವುದಿಲ್ಲ, ತಂಪು ಮಾಡಿ ನಿಧಾನ ಮಾಡಬಹುದು ಅಷ್ಟೇ. ನಮ್ಮ ಕರಾವಳಿಯ ಹವೆಗೆ ಪಾಪಡವೇ ಉಳಿಯುವುದಿಲ್ಲ, ಫಿಲ್ಮು ಎಲ್ಲಿ ಉಳಿಯಬೇಕು? ಹೊಸದು ಹಾರ್ಡ್‌ಡಿಸ್ಕಿನಲ್ಲಿದೆ ಅಂತ ನೆಮ್ಮದಿ ಬೇಡ. ಕಪಾಟಿನಲ್ಲಿ ಐದಾರು ವರ್ಷ ಬಿಟ್ಟ ಹಾರ್ಡ್‌ಡಿಸ್ಕ್ ತಿರುಗುತ್ತದೋ ಇಲ್ಲವೋ ನಿಮಗೇ ಗೊತ್ತು. ಯಾರಾದರೂ ಕಾಳಜಿ ವಹಿಸಿದರೆ ಮಾತ್ರ ಉಳಿಯುತ್ತದೆ. 'ಘಟಶ್ರಾದ್ಧ'ಕ್ಕೆ ಆ ಭಾಗ್ಯ ಸಿಕ್ಕಿತು: ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು 4ಕೆಯಲ್ಲಿ ಪುನರುಜ್ಜೀವನಗೊಳಿಸಿದರು, 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. 'ಡೊಮಿಂಗೊ'ಕ್ಕೆ ಸಿಗಲಿಲ್ಲ.

ಕೊನೆಯ ಹತ್ತು ಕಿಲೋಮೀಟರನ್ನು ಪ್ರೇಕ್ಷಕರೇ ದಾಟಿದ ಉದಾಹರಣೆ ಕನ್ನಡದಲ್ಲೇ ಇದೆ. ಸಾಗರದ ಹತ್ತಿರದ ಹೆಗ್ಗೋಡು ಕೂಡ ಅಡಿಕೆ ಬೆಳೆಯುವ ಸಣ್ಣ ಊರು. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಅಲ್ಲಿ ನೀನಾಸಂ ಚಿತ್ರಸಮಾಜ ಶುರು ಮಾಡಿದರು. ಡಿ ಸಿಕಾ, ಕುರೊಸಾವ, ರೇ ಎಲ್ಲ ಅಡಿಕೆ ಸುಲಿದು ಬಂದವರ ಎದುರು ಪರದೆಯ ಮೇಲೆ ಬಂದರು. ಚಿತ್ರ ಹೇಗೆ ನೋಡುವುದು ಎಂಬ ಶಿಬಿರಗಳೂ ನಡೆದವು. ಹಳ್ಳಿಯವರಿಗೆ ಇಂಥದ್ದು ಅರ್ಥವಾಗುವುದಿಲ್ಲ ಎಂಬ ವಾದಕ್ಕೆ ಇಷ್ಟು ಒಳ್ಳೆಯ ಉತ್ತರ ಇನ್ನೊಂದಿಲ್ಲ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಗ ಪ್ರೊಜೆಕ್ಟರ್, ರೀಲು, ಅನುಮತಿ, ಎಲ್ಲವನ್ನೂ ಕಾಗದ ಬರೆದು ತರಿಸಬೇಕಿತ್ತು. ನಮ್ಮ ಸೆಮಿನಾರ್ ಹಾಲಿನಲ್ಲಿ ಪ್ರೊಜೆಕ್ಟರ್ ಗೋಡೆಗೇ ಫಿಕ್ಸ್ ಆಗಿ ಕೂತಿದೆ.

ಯಾಕೆ ಇಷ್ಟು ಒತ್ತಾಯ ಮಾಡುತ್ತೇನೆ ಅಂದರೆ, ಒಂದು ಕಾರಣ ಇದೆ. ಗೋಪಾಲಯ್ಯ ಕಾಡು ಕಡಿದು, ನೀರು ತಿರುಗಿಸಿ ಮಾಡಿದಂಥ ತೋಟಗಳು ಈಗ ಸುಳ್ಯದ ಕಡೆ ಹಳದಿ ಆಗುತ್ತಾ ಇವೆ. ಹಳದಿ ಎಲೆ ರೋಗ ಮೊದಲಿನಿಂದ ಇತ್ತು, ಈಗ ಎಲೆಚುಕ್ಕಿಯೂ ಸೇರಿಕೊಂಡಿದೆ. ಮೂರು ತಲೆಮಾರಿನ ತೋಟ ಕಣ್ಣೆದುರು ಹೋಗುವಾಗ ಮನೆಯ ಅಜ್ಜ ಜಗಲಿಯಲ್ಲಿ ಕೂತು ಎಂತ ಮಾತಾಡ್ತಾರೆ, ಯಾವಾಗ ಸುಮ್ಮನಾಗ್ತಾರೆ, ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಎಂತ ಹೇಳ್ತಾನೆ, ಇದು ನ್ಯೂಸ್ ಚಾನೆಲಿನ ಎರಡು ನಿಮಿಷದಲ್ಲಿ ಬರುವುದಿಲ್ಲ. ದೊಡ್ಡ ಬ್ಯಾನರಿನವರು ಇದನ್ನು ಮಾಡುವುದಿಲ್ಲ, ಮಾಡಬೇಕಾದ ಅಗತ್ಯವೂ ಅವರಿಗಿಲ್ಲ. 'ಬೆಟ್ಟದ ಜೀವ'ದ ಮುಂದಿನ ಭಾಗ ಅಲ್ಲೇ ನಡೀತಾ ಉಂಟು, ತೆಗೆಯುವವರಿಲ್ಲ. ಅದನ್ನು ತೆಗೆಯಬಲ್ಲವರು ಆ ಜಗಲಿಗೆ ಚಪ್ಪಲಿ ಬಿಟ್ಟು ಹತ್ತುವ ಅಭ್ಯಾಸ ಇರುವವರು. ಅಂಥವರು ನಮ್ಮ ಕ್ಲಾಸಿನಲ್ಲೇ ಏಳೆಂಟು ಜನ ಇದ್ದಾರೆ, ಎಲ್ಲರ ಕಿಸೆಯಲ್ಲೂ 5ಎಸ್‌ಗಿಂತ ಒಳ್ಳೆಯ ಫೋನು ಇದೆ.

ತೆಗೆಯುವ ಮೊದಲು ನೋಡಬೇಕು. ಕನ್ನಡ ಸಂಘದಿಂದ ಈ ಸೆಮಿಸ್ಟರಿನಲ್ಲಿ ತಿಂಗಳಿಗೊಂದು ಚಿತ್ರ ಹಾಕುವ ಯೋಚನೆ ಇದೆ. ಮೊದಲು 'ತಿಥಿ', ಯಾಕೆಂದರೆ ನಗು ಬರುತ್ತದೆ, ಎದ್ದು ಹೋಗುವವರು ಕಡಿಮೆ. ಎರಡನೆಯದು ಕಿಯರೊಸ್ತಮಿಯ ನೋಟ್‌ಬುಕ್ಕಿನ ಹುಡುಗ. ಮೂರನೆಯದು 'ಬೆಟ್ಟದ ಜೀವ'. ಡೌನ್‌ಲೋಡ್ ಲಿಂಕ್ ಕಳಿಸಬೇಡಿ, ಪ್ಲೀಸ್. ಚಿತ್ರದ ಹಕ್ಕು ಯಾರದ್ದೋ ಅವರಿಗೆ ಬರೆದು, ಟಿಕೆಟ್ ಇಲ್ಲದ ಕಾಲೇಜು ಪ್ರದರ್ಶನ ಅಂತ ಹೇಳಿ, ಅನುಮತಿ ಕೇಳುವುದು. ಕೇಳುವುದರಿಂದ ಇನ್ನೊಂದು ಲಾಭ ಉಂಟು: ನಿರ್ದೇಶಕರು ವಿಡಿಯೋ ಕಾಲಿನಲ್ಲಿ ಅರ್ಧ ಗಂಟೆ ಮಾತಿಗೆ ಸಿಕ್ಕಿದರೂ ಸಿಗಬಹುದು. ಕಿಯರೊಸ್ತಮಿಗೆ ಕನ್ನಡ ಸಬ್‌ಟೈಟಲ್ ಮಾಡಲು ನಾಲ್ಕು ಜನ ಬೇಕು. ಸಂಭಾಷಣೆ ಕಡಿಮೆ, ಒಂದು ವಾರಾಂತ್ಯದ ಕೆಲಸ. "ಮನೆಪಾಠ" ಅಂತ ಬರೆಯಬೇಕಾ "ಹೋಮ್‌ವರ್ಕ್" ಅಂತ ಬರೆಯಬೇಕಾ ಎಂದು ಜಗಳಾಡಲಿಕ್ಕೆ ಇನ್ನೊಂದು ವಾರಾಂತ್ಯ.

'ಬೆಟ್ಟದ ಜೀವ'ವನ್ನು ಊರಿಗೂ ತೆಗೆದುಕೊಂಡು ಹೋಗಬೇಕು ಅಂತ ಇದೆ. ಮಳೆ ನಿಂತ ಮೇಲೆ, ಡಿಸೆಂಬರ್ ರಜೆಯಲ್ಲಿ, ಕತ್ತಲಾದ ಮೇಲೆ, ಯಾವುದಾದರೂ ಅಂಗಳದಲ್ಲಿ. ಅಡಿಕೆ ಒಣಗಲು ಹಾಕಿದ ಅಂಗಳ ಆಗಬಾರದು, ಅಷ್ಟು ನೋಡಿಕೊಂಡರೆ ಸಾಕು. ಪರದೆಗೆ ಬಿಳಿ ಪಂಚೆ ಹೊಲಿಸಿದರೆ ಆಯಿತು. ಪ್ರೊಜೆಕ್ಟರ್ ಕಾಲೇಜಿನಿಂದ ಸಾಲ ಕೇಳಬೇಕು, ಎಚ್‌ಒಡಿ ಸಹಿ ಬೇಕು. ಕರೆಂಟ್ ನಂಬುವ ಹಾಗಿಲ್ಲ. ಇಲೆಕ್ಟ್ರಿಕಲ್‌ನವರು ಯಾರಾದರೂ ಜನರೇಟರಿನ ಲೋಡ್ ಲೆಕ್ಕ ಹಾಕಿ ಕೊಡಿ, ಪ್ರೊಜೆಕ್ಟರ್, ಎರಡು ಸ್ಪೀಕರ್, ಒಂದು ಲ್ಯಾಪ್‌ಟಾಪ್, ಮತ್ತೆ ಚಾ ಕಾಯಿಸುವ ಕಡೆಗೆ ಒಂದು ಬಲ್ಬು.